ಮೀಸೆಯ ನಾಯಕಿ

ದಪ್ಪ ಮೀಸೆ ಇಟ್ಟುಕೊಂಡೇ ಹೆಣ್ಣಿನ ಮಾತಾಡಿ ಮೂರು ತಾಲೂಕಿನ ಹೆಂಗಸರನ್ನು ನಗಿಸಿ ಅಳಿಸಿದ ಗಂಡಸನ್ನು ನಾನು ನೋಡಿದ್ದು ಒಬ್ಬರನ್ನೇ. ಹೊಸನಗರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಿನಲ್ಲಿ ಬಂದರೆ ಅವರಿಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತಿತ್ತು. ಊರಿಗೆ ಅವರು ಇಂಗ್ಲಿಷ್ ಮೇಷ್ಟ್ರು, ನನಗೆ ಬರೀ ಮೇಷ್ಟ್ರು.

ಮೀಸೆಗೂ ಹೆಣ್ಣಿಗೂ ಹೇಗೆ ಹೊಂದಿಕೆ ಎಂದು ಕೇಳಿದರೆ, ಅವರದು ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಂಚೆ, ಶರಟು ಹಾಕಿ ಚಾಪೆಯ ಮೇಲೆ ಕೂತವರು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಅರ್ಥ ಹೇಳುವುದು ಎಂದರೆ ಅದೇ. ಬರೆದುಕೊಂಡು ಬಂದು ಓದುವ ಹಾಗಿಲ್ಲ, ಎದುರಿನವನು ಏನು ಕೇಳಿದನೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಬೇರೆಯವರೆಲ್ಲ ವೀರರ ಪಾತ್ರಕ್ಕೆ ಕಿತ್ತಾಡಿದರೆ ನಮ್ಮ ಮೇಷ್ಟ್ರು ಹೆಣ್ಣಿನ ಪಾತ್ರವನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದರು. ಶಲ್ಯದ ಸೆರಗನ್ನು ಎಡ ಹೆಗಲಿಗೆ ಏರಿಸಿ, ಕನ್ನಡಕ ತೆಗೆದು ಮಂಡಿಯ ಮುಂದೆ ಇಟ್ಟರೆಂದರೆ ಅವರು ಹೆಣ್ಣಾದರು ಎಂದೇ ಲೆಕ್ಕ. ದನಿ ಬದಲಿಸುತ್ತಿರಲಿಲ್ಲ, ಕತ್ತು ಕೊಂಕಿಸುತ್ತಿರಲಿಲ್ಲ. ಆದರೂ ಐದು ನಿಮಿಷದಲ್ಲಿ ಮೀಸೆ ಮರೆತುಹೋಗುತ್ತಿತ್ತು.

ಇದೆಲ್ಲ ಅರವತ್ತರ ದಶಕದ ಮಾತು. ನಾನು ಇಕ್ಕೇರಿ ಹತ್ತಿರದವಳು. ಅಪ್ಪ ಬಹಳ ವರ್ಷ ಬೇರೆಯವರ ಗದ್ದೆ ಗೇಣಿಗೆ ಮಾಡಿ, ಆಮೇಲೆ ಒಂದಿಷ್ಟು ನೆಲ ಸ್ವಂತಕ್ಕೆ ಮಾಡಿಕೊಂಡವರು. ನಮ್ಮ ಕಡೆಯ ಹುಡುಗಿ ಟ್ರೈನಿಂಗ್ ಮುಗಿಸಿ ಟೀಚರ್ ಆದದ್ದೇ ಆಗ ಸುದ್ದಿ. ಹೊಸನಗರದ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ಹಾಕಿದಾಗ ಅಪ್ಪ ಟ್ರಂಕು ಹೊತ್ತು ಜೊತೆಗೆ ಬಂದರು. ಊರೆಲ್ಲ ವಿಚಾರಿಸಿ ಮೇಷ್ಟ್ರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದುಕೊಟ್ಟರು. ಮೇಷ್ಟ್ರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು, ಅವರ ಹೆಂಡತಿ, ಒಂದು ಸಿಡುಕಿನ ಬೆಕ್ಕು. ಹೆಂಡತಿಯನ್ನು ನಾನು ಮೊದಲ ವಾರದಿಂದಲೇ ಅಕ್ಕ ಎಂದೆ. ಅಕ್ಕನದು ಮಾತು ಕಡಿಮೆ, ಆಡಿದರೆ ಅದಕ್ಕೆ ಮೇಲ್ಮನವಿ ಇರಲಿಲ್ಲ.

ಮೇಷ್ಟ್ರಿಗೆ ಒಂದು ರೋಗವಿತ್ತು, ಎದುರಿನವರ ಕಡೆಗೆ ಸೇರಿಬಿಡುವ ರೋಗ. ಸಂತೆಯಲ್ಲಿ ಬದನೆಕಾಯಿ ಮಾರುವವಳ ಹತ್ತಿರ ಚೌಕಾಸಿಗೆ ಶುರುಮಾಡಿದರೆ ನಾಲ್ಕು ಮಾತಾಗುವಷ್ಟರಲ್ಲಿ ಅವಳ ವಕೀಲರಾಗುತ್ತಿದ್ದರು. ನಿಟ್ಟೂರಿನಿಂದ ಹೊತ್ತು ತಂದಿದ್ದಾಳೆ, ಸಂಜೆ ಬಸ್ಸು ಹಿಡಿಯಬೇಕು, ಉಳಿದದ್ದನ್ನು ವಾಪಸು ಹೊರುವವರು ಯಾರು ಎಂದು ಅವಳಿಗೇ ಗೊತ್ತಿಲ್ಲದ ಕಷ್ಟಗಳನ್ನೆಲ್ಲ ಹೇಳಿ, ಅವಳು ಕೇಳಿದ ರೇಟಿಗೇ ತಂದುಬಿಡುತ್ತಿದ್ದರು. ಕೊನೆಗೆ ಅಕ್ಕ ಅವರನ್ನು ಸಂತೆಗೆ ಕಳಿಸುವುದನ್ನೇ ಬಿಟ್ಟರು. ಶಾಲೆಯಲ್ಲಿ ಇಬ್ಬರು ಹುಡುಗರು ಹೊಡೆದಾಡಿಕೊಂಡು ಬಂದರೆ ಬೆತ್ತ ತೆಗೆಯುತ್ತಿರಲಿಲ್ಲ. ಹೊಡೆದವನನ್ನು ಹೊಡೆಸಿಕೊಂಡವನ ಪರವಾಗಿ ಮಾತಾಡಲು ನಿಲ್ಲಿಸುತ್ತಿದ್ದರು, ಇವನನ್ನು ಅವನ ಪರವಾಗಿ. ಸ್ವಲ್ಪ ಹೊತ್ತಿನಲ್ಲಿ ಇಬ್ಬರಿಗೂ ನಗು ಬಂದು ವ್ಯಾಜ್ಯ ಮುಗಿಯುತ್ತಿತ್ತು. ಒಮ್ಮೆ ಒಬ್ಬ ಹುಡುಗ ತನ್ನನ್ನು ಹೊಡೆದವನ ಪರವಾಗಿ ಎಷ್ಟು ಚೆನ್ನಾಗಿ ವಾದಿಸಿದನೆಂದರೆ, ಕೊನೆಗೆ ತಾನೇ ಇನ್ನೊಂದು ಪೆಟ್ಟು ತಿನ್ನಲು ಒಪ್ಪಿಕೊಂಡನಂತೆ.

ಅವರ ಇನ್ನೊಂದು ಚಟ ಇಂಗ್ಲಿಷ್ ಪ್ರೇಮದ ಕಾದಂಬರಿಗಳು. ಶಿವಮೊಗ್ಗಕ್ಕೆ ಹೋದಾಗಲೆಲ್ಲ ರದ್ದಿ ಅಂಗಡಿಯಿಂದ ಹಳೇ ಪುಸ್ತಕಗಳನ್ನು ತೂಕದ ಮೇಲೆ ತರುತ್ತಿದ್ದರು. ಬಹಳಷ್ಟಕ್ಕೆ ರಟ್ಟಿರಲಿಲ್ಲ, ಹೆಸರಿರಲಿಲ್ಲ, ಕೆಲವಕ್ಕೆ ಕೊನೆಯೂ ಇರಲಿಲ್ಲ. ಎಲ್ಲವೂ ನೂರೈವತ್ತು ವರ್ಷದ ಹಿಂದಿನ ಇಂಗ್ಲೆಂಡಿನವು. ರಾಜನಿಗೆ ಬುದ್ಧಿ ಸ್ಥಿಮಿತ ತಪ್ಪಿ ಮಗನೇ ರಾಜ್ಯ ನೋಡಿಕೊಳ್ಳುತ್ತಿದ್ದ ಕಾಲವಂತೆ. ಅವುಗಳಲ್ಲಿ ಕೊಲೆಯಿಲ್ಲ, ಯುದ್ಧ ಎಲ್ಲೋ ದೂರದಲ್ಲಿ. ಇರುವುದು ಒಂದು ಹಳ್ಳಿ, ನಾಲ್ಕು ಮನೆ, ಮದುವೆಯ ವಯಸ್ಸು ಮೀರುತ್ತಿರುವ ಒಬ್ಬ ಬುದ್ಧಿವಂತ ಹುಡುಗಿ, ಬಿಗಿಮೋರೆಯ ಒಬ್ಬ ಶ್ರೀಮಂತ. ಒಂದೋ ಗಾಡಿಯ ಚಕ್ರ ಮುರಿಯುತ್ತದೆ, ಇಲ್ಲವೇ ಹುಡುಗಿಯ ಕಾಲು ಉಳುಕುತ್ತದೆ. ಕೊನೆಗೆ ಮದುವೆ. ಇದನ್ನೇ ಎಷ್ಟು ಸಲ ಓದುತ್ತೀರಿ ಎಂದು ನಾನು ಕೇಳಿದ್ದಕ್ಕೆ, ಮದುವೆ ಮನೆಯ ಅಡಿಗೆಯೂ ಎಲ್ಲ ಕಡೆ ಒಂದೇ, ಹಾಗಂತ ಊಟಕ್ಕೆ ಹೋಗುವುದನ್ನು ಯಾರಾದರೂ ಬಿಡುತ್ತಾರೆಯೇ ಎಂದರು.

ಆ ಕಾದಂಬರಿಗಳನ್ನೆಲ್ಲ ಕಲಸಿ ಒಂದು ಕತೆ ಮಾಡಿ ತಾಳಮದ್ದಳೆಗೆ ತರಬೇಕೆಂಬ ಹುಚ್ಚು ಅವರಿಗೆ ಹತ್ತಿದ್ದು ನಾನು ಆ ಮನೆಗೆ ಹೋದ ಎರಡನೇ ವರ್ಷ. ಪದ್ಯ ಕಟ್ಟಲು ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪು ಇಟ್ಟಿದ್ದ ಭಾಗವತರು ಒಪ್ಪಿಕೊಂಡರು. ಪುರಾಣದ ಪ್ರಸಂಗ ಬಿಟ್ಟು ಬಿಳಿಯರ ಲವ್ವಿನ ಕತೆ ಹೇಳುತ್ತಾರಂತೆ ಎಂದು ಕೆಲವು ಹಿರಿಯರು ಮುನಿದರು. ಭಾಗವತರು ಅದಕ್ಕೆ, ಮೊದಲು ಗಣಪತಿಯ ಸ್ತುತಿ ಹೇಗೂ ಇರುತ್ತದಲ್ಲ, ಆಮೇಲೆ ಬಂದವರನ್ನು ಅವನೇ ನೋಡಿಕೊಳ್ಳಲಿ ಎಂದು ಪಂಕ್ಚರ್ ಹಾಕುವುದನ್ನು ಮುಂದುವರಿಸಿದರು.

ಸಂಜೆ ಕಾಫಿಯ ಹೊತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ಕೂತು ಮೇಷ್ಟ್ರು ಇಂಗ್ಲೆಂಡನ್ನು ಒಂದೊಂದಾಗಿ ಹೊಸನಗರಕ್ಕೆ ಸಾಗಿಸುತ್ತಿದ್ದರು. ಹಳ್ಳಿಯ ಪಾದ್ರಿ ನಮ್ಮ ಶ್ಯಾನುಭೋಗನಾದ. ಅವನ ಮಗಳು ದೇವಸ್ಥಾನದ ಹಜಾರದಲ್ಲಿ ಊರಿನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವವಳಾದಳು. ಕುದುರೆ ಗಾಡಿ ಸಾಗರದಿಂದ ಬರುವ ಬಸ್ಸಾಯಿತು. ಚಕ್ರ ಮುರಿಯುವುದಕ್ಕೆ ನಾವೇನೂ ಕಷ್ಟಪಡಬೇಕಾಗಿರಲಿಲ್ಲ, ಆ ಬಸ್ಸು ವಾರಕ್ಕೊಮ್ಮೆ ತಾನೇ ಕೆಟ್ಟು ನಿಲ್ಲುತ್ತಿತ್ತು. ಡ್ರೈವರ್ ಪಕ್ಕದ ಸೀಟು ಯಾರಿಗೆ ಎನ್ನುವುದರಲ್ಲಿ ಶ್ರೀಮಂತನ ಜಂಬ, ಹುಡುಗಿಯ ಸ್ವಾಭಿಮಾನ ಎರಡೂ ಬಂದವು.

ಸಿಕ್ಕಿಹಾಕಿಕೊಂಡಿದ್ದು ಕುಣಿತದ ಹತ್ತಿರ. ಆ ಕಾದಂಬರಿಗಳಲ್ಲಿ ಗಂಡು ಹೆಣ್ಣು ಕೈ ಹಿಡಿದು ಕುಣಿಯದೆ ಕತೆ ಮುಂದೆ ಹೋಗುವುದಿಲ್ಲ. ಭಾಗವತರು ಕೋಲಾಟ ಹಾಕೋಣ ಎಂದರು. ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. ಎರಡು ವಾರ ಕತೆ ಅಲ್ಲೇ ನಿಂತಿತು. ಒಂದು ದಿನ ಒಲೆಯ ಮುಂದಿನಿಂದ ಅಕ್ಕ, ತಿರುಗಿಯೂ ನೋಡದೆ, ಬಡಿಸುವುದು ಎಂದರು. ಮದುವೆ ಮನೆಯಲ್ಲಿ ಬಡಿಸುವವರು ನೆಂಟರ ಮನೆಯ ಹುಡುಗರು. ಹೋಳಿಗೆಯ ಹರಿವಾಣ ಹಿಡಿದವನು ಯಾವ ಎಲೆಯ ಹತ್ತಿರ ಎರಡನೇ ಸಲ ಬಂದ, ಎಷ್ಟು ಹೊತ್ತು ಬಗ್ಗಿ ನಿಂತ ಎನ್ನುವುದನ್ನು ಇಡೀ ಪಂಕ್ತಿ ನೋಡುತ್ತದೆ. ಮೇಷ್ಟ್ರು ಲೋಟ ಕೆಳಗಿಟ್ಟು ಹೆಂಡತಿಗೆ ಕೈಮುಗಿದರು. ಹಾಗೆ ನಮ್ಮ ನಾಯಕ ಶ್ಯಾನುಭೋಗರ ಮಗಳ ಎಲೆಗೆ ಎರಡನೇ ಸಲ ಹೋಳಿಗೆ ತಂದ. ಯಾರೋ ಸೋದರತ್ತೆ ಕಿಸಕ್ಕೆಂದಳು. ನಾಚಿಕೆಯಿಂದ ಅವನು ಮತ್ತೆ ಆ ಸಾಲಿನ ಕಡೆಗೇ ಬರಲಿಲ್ಲ. ಹುಡುಗಿ ಅದನ್ನು ಸೊಕ್ಕು ಎಂದುಕೊಂಡಳು.

ಎಲ್ಲದಕ್ಕೂ ಬದಲಿ ಸಿಕ್ಕಿತು, ಒಂದಕ್ಕೆ ಮಾತ್ರ ಸಿಗಲಿಲ್ಲ. ಆ ಕಾದಂಬರಿಗಳಲ್ಲಿ ಗಂಡು ಬಂದು ಹುಡುಗಿಯ ಎದುರು ನಿಂತು, ನನ್ನನ್ನು ಮದುವೆಯಾಗುತ್ತೀಯಾ ಎಂದು ಅವಳನ್ನೇ ಕೇಳುತ್ತಾನೆ. ಅವಳು ಬೇಡ ಎಂದರೆ ಬೇಡ. ಅಪ್ಪ, ಚಿಕ್ಕಪ್ಪ, ಜೋಯಿಸರು ಎಲ್ಲ ಆಮೇಲೆ. ನಮ್ಮ ಕಡೆ ಅದು ಎಲ್ಲಿದೆ? ಗಂಡಿನ ಕಡೆಯವರು ಹೆಣ್ಣಿನ ಅಪ್ಪನನ್ನು ಕೇಳುತ್ತಾರೆ, ಅಪ್ಪ ಹೂಂ ಎನ್ನುತ್ತಾನೆ, ಹುಡುಗಿಗೆ ಸುದ್ದಿ ಮುಟ್ಟುತ್ತದೆ. ಮೇಷ್ಟ್ರು ಎಷ್ಟು ತಲೆ ಕೆರೆದುಕೊಂಡರೂ ಇದಕ್ಕೆ ದಾರಿ ಕಾಣಲಿಲ್ಲ.

“ಅದು ನಮ್ಮಲ್ಲಿಲ್ಲ. ಇಲ್ಲದ್ದನ್ನ ಎಲ್ಲಿಂದ ತರ್ತೀರಿ?” ಎಂದರು ಅಕ್ಕ.

ಅವರಿಬ್ಬರಿಗೆ ಮದುವೆಯಾಗಿ ಆಗ ಹತ್ತಿಪ್ಪತ್ತು ವರ್ಷ ಆಗಿದ್ದಿರಬೇಕು. ಮೇಷ್ಟ್ರು ಕಾಫಿ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತು, ನಾನು ಅಲ್ಲೇ ಕೂತಿದ್ದೇನೆ ಎನ್ನುವುದನ್ನೂ ಮರೆತು, “ನಿನ್ನನ್ನ ಯಾರೂ ಕೇಳಲಿಲ್ಲ ಅಲ್ವಾ? ನಾನೂ ಕೇಳಲಿಲ್ಲ. ಈಗ ಕೇಳ್ತೀನಿ. ನನ್ನ ಮದ್ವೆ ಆಗ್ತೀಯಾ?” ಎಂದರು.

ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದರು. “ಮೊದ್ಲು ಆ ಲೋಟ ತೊಳ್ದಿಡಿ. ಯೋಚ್ನೆ ಮಾಡಿ ಹೇಳ್ತೀನಿ.”

ಮೇಷ್ಟ್ರು ಲೋಟ ತೊಳೆದಿಟ್ಟರು. ನಾನು ನಗು ತಡೆಯಲಾರದೆ ಕೋಣೆಗೆ ಓಡಿದೆ. ನಗು ನಿಂತ ಮೇಲೆ ಆ ಪ್ರಶ್ನೆಯೇ ತಲೆಯಲ್ಲಿ ಉಳಿಯಿತು, ಯಾಕೆಂದರೆ ಆ ವಾರವೇ ನನ್ನ ಮದುವೆಯ ಮಾತೂ ಬಂದಿತ್ತು.

ಗಂಡು ತೀರ್ಥಹಳ್ಳಿಯವರು, ಓವರ್ಸಿಯರ್. ಶರಾವತಿ ಅಣೆಕಟ್ಟಿನ ಕೆಲಸದಲ್ಲಿ ಸ್ವಲ್ಪ ಕಾಲ ಇದ್ದು ಈಗ ರಸ್ತೆ, ಮೋರಿ ನೋಡಿಕೊಳ್ಳುತ್ತಿದ್ದರು. ಯಾವುದೋ ಮದುವೆಯಲ್ಲಿ ನನ್ನನ್ನು ನೋಡಿದ್ದರಂತೆ. ನಾನೂ ನೋಡಿದ್ದೆ. ಎತ್ತರದ ಆಳು, ನಗುವುದಕ್ಕೂ ಮೇಲಧಿಕಾರಿಯ ಅಪ್ಪಣೆ ಬೇಕೇನೋ ಎನ್ನುವಂತಹ ಮುಖ. ಸುಳ್ಳೇಕೆ ಹೇಳಲಿ, ಆ ಮುಖ ನನಗೆ ಹಿಡಿಸಿತ್ತು. ಸಂಬಂಧಿಕರೊಬ್ಬರು ಅಪ್ಪನ ಹತ್ತಿರ ಮಾತೆತ್ತಿದರು, ಅಪ್ಪ ಖುಷಿಯಾಗಿ ಒಪ್ಪಿಕೊಂಡರು. ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕು ಎಂದು ಅವರ ಮನೆಯಿಂದ ಒಂದು ಮಾತು ಬಂದಿತ್ತು. ಅಪ್ಪ ಅದಕ್ಕೂ ಒಪ್ಪಿದ್ದರು. ಸರ್ಕಾರಿ ಕೆಲಸದ ಗಂಡು, ಸ್ವಂತ ಮನೆ, ಮತ್ತೆಂತ ಬೇಕು ಮಗಾ ಎಂದು ನನ್ನ ಕೋಣೆಯ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡರು. ನನಗೆ ಬೇಕಾದದ್ದು ಎರಡೇ, ನನ್ನ ಶಾಲೆಯ ಮಕ್ಕಳ ಮಗ್ಗಿ ಮತ್ತು ನಿನಗೆ ಒಪ್ಪಿಗೆಯೇ ಎಂಬ ಒಂದು ಪ್ರಶ್ನೆ. ಎರಡನ್ನೂ ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ. ಅಪ್ಪ ಈ ಸಂತೋಷಕ್ಕಾಗಿ ಎಷ್ಟು ವರ್ಷ ಬೆನ್ನು ಬಗ್ಗಿಸಿದ್ದರೆಂದು ನನಗೆ ಗೊತ್ತಿತ್ತು.

ಅಕ್ಕನ ಹತ್ತಿರ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅಕ್ಕ ಮೇಷ್ಟ್ರಿಗೆ ಹೇಳಿರಬೇಕು. ಮೇಷ್ಟ್ರು ನನ್ನ ಹತ್ತಿರ ಏನೂ ಮಾತಾಡಲಿಲ್ಲ. ಶ್ರಾವಣದ ಒಂದು ಭಾನುವಾರ ಮಧ್ಯಾಹ್ನ ಹೈಸ್ಕೂಲ್ ಹಾಲಿನಲ್ಲಿ ಹೊಸ ಪ್ರಸಂಗ ಎಂದು ಗೊತ್ತಾಯಿತು. ನಾಯಕನ ಅರ್ಥಕ್ಕೆ ಯಾರು ಎಂದು ಕೇಳಿದರೆ, ತೀರ್ಥಹಳ್ಳಿಯ ಒಬ್ಬ ಓವರ್ಸಿಯರ್, ಚೆನ್ನಾಗಿ ಮಾತಾಡುತ್ತಾನಂತೆ, ಕರೆಸಿದ್ದೇನೆ ಎಂದರು ಮೇಷ್ಟ್ರು. ನನ್ನ ಅಪ್ಪನಿಗೂ ಬರಲು ಹೇಳಿ ಕಳಿಸಿದ್ದರು. ನಾನು ಬರುವುದಿಲ್ಲ ಎಂದೆ. ಅಕ್ಕ ನನ್ನ ಜಡೆ ಹೆಣೆದು, ಹೂ ಮುಡಿಸಿ, ಕೈ ಹಿಡಿದು ಕರೆದುಕೊಂಡೇ ಹೋದರು.

ಹಾಲ್ ಜನರಿಂದ ತುಂಬಿತ್ತು. ಮುನಿದಿದ್ದ ಹಿರಿಯರೇ ಮುಂದಿನ ಸಾಲಿನಲ್ಲಿ ಕೂತಿದ್ದರು. ಶ್ಯಾನುಭೋಗರ ಅರ್ಥಕ್ಕೆ ಹೈಸ್ಕೂಲಿನ ಹೆಡ್‌ಮಾಸ್ಟರು, ಕರೀ ಕೋಟು ಹಾಕಿಕೊಂಡು ಬಂದಿದ್ದರು. ಗಂಡಸರ ಕಡೆ ಅಪ್ಪ, ಹೊಸ ಟವೆಲು ಹೆಗಲ ಮೇಲೆ. ಓವರ್ಸಿಯರು ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಮಾತು ಶುರುವಾದ ಮೇಲೆ ನನಗೆ ಆಶ್ಚರ್ಯವಾಯಿತು. ಆ ಬಿಗಿಮೋರೆಯ ಹಿಂದೆ ಒಳ್ಳೆಯ ಹಾಸ್ಯವಿತ್ತು. ಹೋಳಿಗೆಯ ಹರಿವಾಣ ಹಿಡಿದು ಕಕ್ಕಾಬಿಕ್ಕಿಯಾದದ್ದನ್ನು, ಬಸ್ಸಿನಲ್ಲಿ ಮುಂದಿನ ಸೀಟು ಬಿಟ್ಟುಕೊಡಲು ಹೋಗಿ ಡ್ರೈವರನ ಕೈಯಲ್ಲಿ ಬೈಸಿಕೊಂಡದ್ದನ್ನು ಅವರು ಹೇಳಿದಾಗ ಹೆಂಗಸರ ಸಾಲೆಲ್ಲ ನಕ್ಕಿತು. ನಾನು ನಗಬಾರದೆಂದು ತುಟಿ ಕಚ್ಚಿಕೊಂಡು ಕೂತೆ.

ಹೆಣ್ಣು ಕೇಳುವ ಪದ್ಯ ಬಂತು. ಓವರ್ಸಿಯರು ಹೆಡ್‌ಮಾಸ್ಟರ ಕಡೆಗೆ ತಿರುಗಿ ಮನೆತನ, ಜಮೀನು, ವಿದ್ಯೆ ಎಲ್ಲ ಹೇಳಿ ಮಗಳನ್ನು ಕೊಡಬೇಕೆಂದು ಕೇಳಿದರು. ಅಲ್ಲಿದ್ದ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ಹೆಣ್ಣು ಕೇಳುವುದೆಂದರೆ ನಮ್ಮಲ್ಲಿ ಹಾಗೇ ಅಲ್ಲವೇ? ಹೆಡ್‌ಮಾಸ್ಟರು ಧಾರಾಳವಾಗಿ ಒಪ್ಪಿದರು. ಮೇಷ್ಟ್ರು ಅಷ್ಟು ಹೊತ್ತೂ ಬಾಯಿಬಿಡಲಿಲ್ಲ. ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿ ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಭಾಗವತರು ಮಂಗಳಕ್ಕೆ ತಾಳ ಎತ್ತಿದರು.

“ಭಾಗವತರೆ, ಸ್ವಲ್ಪ ತಡೆಯಬೇಕು. ನನ್ನನ್ನು ಇನ್ನೂ ಯಾರೂ ಕೇಳಲಿಲ್ಲ,” ಎಂದರು ಮೇಷ್ಟ್ರು.

ಭಾಗವತರ ಕೈ ಅಲ್ಲೇ ನಿಂತಿತು. ಓವರ್ಸಿಯರು ಗಲಿಬಿಲಿಯಾಗಿ, ತಂದೆಯವರು ಒಪ್ಪಿದ್ದಾರಲ್ಲ ಎಂದರು.

“ಒಪ್ಪಿದ್ದಾರೆ. ಹಾಗಾದರೆ ಅವರನ್ನೇ ಮದುವೆಯಾಗಬಹುದು.”

ಹಾಲಿನ ಹೆಂಚು ಹಾರಿಹೋಗುವಂತೆ ನಗು. ಹೆಡ್‌ಮಾಸ್ಟರು ಕೋಟಿನ ಗುಂಡಿ ಸರಿಮಾಡಿಕೊಂಡರು. ಮೇಷ್ಟ್ರು ಮಾತ್ರ ನಗಲಿಲ್ಲ. ನಗು ಇಳಿಯುವವರೆಗೆ ಕಾದು, ಮೆಲ್ಲಗೆ, “ದೇವಸ್ಥಾನದ ಹಜಾರದಲ್ಲಿ ನಾನು ಅಕ್ಷರ ಕಲಿಸುವ ಮಕ್ಕಳಿದ್ದಾರೆ. ಅದನ್ನು ಬಿಟ್ಟು ಬರಬೇಕೆಂದು ನಿಮ್ಮ ಮನೆಯ ಮಾತು. ಅದು ನಿಮ್ಮ ಮಾತೂ ಹೌದೇ?” ಎಂದರು.

ನನ್ನ ಕಿವಿ ಬಿಸಿಯಾಯಿತು. ಆ ಮಾತು ಯಾವ ಇಂಗ್ಲಿಷ್ ಪುಸ್ತಕದಲ್ಲೂ ಇರಲಿಲ್ಲ. ಅದು ಗೊತ್ತಿದ್ದವರು ಹಾಲಿನಲ್ಲಿ ಐದೇ ಜನ, ಮೇಷ್ಟ್ರು, ಅಕ್ಕ, ಅಪ್ಪ, ನಾನು, ಮತ್ತೆ ಚಾಪೆಯ ಮೇಲೆ ತಲೆ ತಗ್ಗಿಸಿದ ಆ ಮನುಷ್ಯ. ಅಕ್ಕ ನನ್ನ ಕೈ ಹಿಡಿದುಕೊಂಡರು.

“ಅದು ನನ್ನ ಮಾತಲ್ಲ,” ಎಂದರು ಓವರ್ಸಿಯರು ತಲೆ ಎತ್ತಿ. “ಮನೆಯಲ್ಲಿ ಹೇಳಿದರು, ನಾನು ಸುಮ್ಮನಿದ್ದೆ. ನನ್ನನ್ನೂ ಯಾರೂ ಕೇಳಲಿಲ್ಲ. ಕೇಳದೆ ಬಾಯಿಬಿಡುವ ಅಭ್ಯಾಸ ನನಗಿಲ್ಲ.”

“ಈಗ ನಾನು ಕೇಳುತ್ತಿದ್ದೇನೆ.”

“ಹಾಗಾದರೆ ಬಿಡುವುದು ಬೇಡ.” ಆಮೇಲೆ ಮೇಷ್ಟ್ರ ಕಡೆ ತಿರುಗಿ ಕೂತು, “ನಿಮಗೆ ನಾನು ಒಪ್ಪಿಗೆಯೇ?” ಎಂದು ಕೇಳಿದರು.

ಮೇಷ್ಟ್ರು ಮಂಡಿಯ ಮುಂದಿದ್ದ ಕನ್ನಡಕ ಎತ್ತಿ ಹಾಕಿಕೊಂಡರು, ಗಂಡನ್ನು ಚೆನ್ನಾಗಿ ನೋಡಿದರು. “ಯೋಚನೆ ಮಾಡಿ ಹೇಳುತ್ತೇನೆ,” ಎಂದರು. ನಗುವಿನ ನಡುವೆ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡರು. ಭಾಗವತರು ಏನು ಮಾಡಬೇಕೆಂದು ತಿಳಿಯದೆ, ಒಪ್ಪಿಗೆ ಸಿಗದ ಮದುವೆಗೇ ಮಂಗಳ ಹಾಡಿ ಎದ್ದರು. ಪ್ರಸಂಗ ಕೆಟ್ಟಿತು ಎಂದು ಕೆಲವರು, ಇಂಥದ್ದು ಕೇಳಿಯೇ ಇರಲಿಲ್ಲ ಎಂದು ಕೆಲವರು ಬಸ್‌ಸ್ಟ್ಯಾಂಡಿನವರೆಗೂ ವಾದಿಸಿಕೊಂಡು ಹೋದರು.

ಅಪ್ಪನನ್ನು ಸಾಗರದ ಬಸ್ಸಿಗೆ ಹತ್ತಿಸಲು ನಾನು ಹೋದೆ. ಬಸ್ಸು ಬಂದು ನಿಂತ ಮೇಲೆ ಅಪ್ಪ, “ನಾನೂ ಆ ಕೋಟು ಹಾಕ್ಕೊಂಡವ್ರ ಹಂಗೇ ಹೂಂ ಅಂದ್ಬಿಟ್ಟೆ ಅಲ್ದಾ ಮಗಾ?” ಎಂದರು. ನನಗೆ ಅಳು ಬಂತು. ನಿನಗೆ ಹೇಗನ್ನಿಸುತ್ತದೆ ಎಂದು ಕೇಳಿದರು. ಅವರೇ ಬಂದು ನನ್ನನ್ನು ಕೇಳಲಿ ಎಂದೆ. ಕೇಳದಿದ್ದರೆ ಎಂದರು. ಕೇಳದಿದ್ದರೆ ಬೇಡ ಎಂದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು ನನಗೇ ನಂಬಿಕೆಯಾಗಲಿಲ್ಲ. ಅಪ್ಪ ತಲೆ ಸವರಿ ಬಸ್ಸು ಹತ್ತಿದರು.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ. ಚಾಪೆಯ ಮೇಲೆ ಆಡಿದ ಮಾತು ಚಾಪೆಯ ಜೊತೆಗೇ ಸುತ್ತಿಹೋಗಿದ್ದರೆ? ಹುಡುಗಿ ಬಹಳ ಜೋರು ಎಂದು ಅವರ ಮನೆಯಲ್ಲಿ ಹಿಂದೆ ಸರಿದರೆ? ನಾನು ಆ ಮನುಷ್ಯನನ್ನು ಕಳೆದುಕೊಳ್ಳಲು ಸಿದ್ಧಳಿರಲಿಲ್ಲ ಎಂದು ತಿಳಿದದ್ದೇ ಆಗ. ಮೇಷ್ಟ್ರ ಮೇಲೆ ಸಿಟ್ಟು ಬಂತು. ಬೇಕೆಂದೇ ಹೀಗೆ ಮಾಡಿದಿರಾ ಎಂದು ಕೇಳಿದೆ. “ತಾಳಮದ್ದಳೇಲಿ ಯಾರಾದ್ರೂ ಮೊದ್ಲೇ ಯೋಚ್ನೆ ಮಾಡಿ ಮಾತಾಡ್ತಾರಾ ತಂಗಿ?” ಎಂದು ಮೀಸೆಯೊಳಗೇ ನಕ್ಕರು. ಬೇಕೆಂದೇ ಮಾಡಿದ್ದು ಹೌದೋ ಅಲ್ಲವೋ ಅವರು ಕೊನೆಯವರೆಗೂ ಹೇಳಲಿಲ್ಲ.

ಒಂದು ದಿನ ಶಾಲೆಯ ಬಿಡುವಿನ ಹೊತ್ತಿನಲ್ಲಿ ಓವರ್ಸಿಯರು ಗೇಟಿನ ಹತ್ತಿರ ಸೈಕಲ್ಲು ನಿಲ್ಲಿಸಿದರು. ಶಾಲೆಯ ಮುಂದಿನ ರಸ್ತೆಗೆ ಹೊಸ ಮೋರಿ ಹಾಕುವ ಕೆಲಸ ಬಂದಿತ್ತಂತೆ. ನನ್ನ ಕ್ಲಾಸಿನ ಹೆಣ್ಣುಮಕ್ಕಳೆಲ್ಲ ಸುತ್ತ ನಿಂತು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆವತ್ತು ನಿಮ್ಮ ಮೇಷ್ಟ್ರನ್ನ ಕೇಳಿದೆ, ಅವರು ಇನ್ನೂ ಹೇಳಿಲ್ಲ, ಈಗ ನಿಮ್ಮನ್ನೇ ಕೇಳೋಣ ಅಂತ ಬಂದೆ ಎಂದರು. ಮುಖ ಎಂದಿನ ಹಾಗೆ ಬಿಗಿಯಾಗಿತ್ತು, ಟೋಪಿಯ ಅಂಚು ಮಾತ್ರ ಬೆರಳ ನಡುವೆ ಗಿರಗಿರ ತಿರುಗುತ್ತಿತ್ತು. “ನಾನು ನಿಮಗೆ ಒಪ್ಗೇನಾ?”

ಏನು ಹೇಳಬೇಕೆಂದು ನನಗೆ ಗೊತ್ತಿತ್ತು. “ಯೋಚ್ನೆ ಮಾಡಿ ಹೇಳ್ತೀನಿ.”

ಅವರು ತಲೆಯಾಡಿಸಿದರು. ಆಗಲಿ, ಮೋರಿ ಕೆಲಸ ಇನ್ನೊಂದು ತಿಂಗಳು ಹೇಗೂ ಇದೆ ಎಂದು ಹೇಳಿ ಸೈಕಲ್ಲು ಹತ್ತಿದರು. ಮೋರಿ ಮುಗಿಯುವ ಹೊತ್ತಿಗೆ ನಾನು ಹೂಂ ಎಂದೆ. ಮದುವೆಯ ಊಟದಲ್ಲಿ ಹೋಳಿಗೆ ಬಡಿಸಿದವರು ಮೇಷ್ಟ್ರು, ನನ್ನ ಎಲೆಯ ಹತ್ತಿರ ಮೂರು ಸಲ ಬಂದರು. ನಾನು ತೀರ್ಥಹಳ್ಳಿಗೆ ವರ್ಗ ಮಾಡಿಸಿಕೊಂಡೆ. ಮಗ್ಗಿ ಹೇಳಿಕೊಡುವುದು ಒಂದು ದಿನವೂ ನಿಲ್ಲಲಿಲ್ಲ.

ಆ ಪ್ರಸಂಗ ಆಮೇಲೆ ಹಲವು ಕಡೆ ಆಯಿತು, ಎಲ್ಲೂ ಒಂದೇ ಹಾಗೆ ಆಗಲಿಲ್ಲ. ಎದುರು ಕೂತವರು ಬದಲಾದಂತೆ ಕತೆಯೂ ಬದಲಾಯಿತು. ನಿಟ್ಟೂರಿನಲ್ಲಿ ನಾಯಕನಾಗಿ ಕೂತ ಹಿರಿಯರೊಬ್ಬರು ಹೆಣ್ಣನ್ನು ಕೇಳುವುದು ತಮ್ಮ ವಂಶದಲ್ಲೇ ಇಲ್ಲ ಎಂದು ಹಠ ಹಿಡಿದರು. ಮೇಷ್ಟ್ರೂ ಬಿಡಲಿಲ್ಲ, ಅಲ್ಲಿ ಮದುವೆಯೇ ಆಗಲಿಲ್ಲ. ಜನ ಅರ್ಧ ಮನಸ್ಸಿನಲ್ಲಿ ಎದ್ದುಹೋದರು. ಸಾಗರದಲ್ಲಿ ಒಬ್ಬ ವಕೀಲರು ಎಷ್ಟು ಮಧುರವಾಗಿ ಕೇಳಿದರೆಂದರೆ ಮೇಷ್ಟ್ರು ತಕ್ಷಣ ಒಪ್ಪಿಬಿಟ್ಟರು. ಅಷ್ಟು ಸಲೀಸಾಗಿ ಹೂಂ ಅಂದುಬಿಟ್ಟಿರಲ್ಲ, ನಾಚಿಕೆಯಾಗಲಿಲ್ಲವೇ ಎಂದು ಅಕ್ಕ ಎರಡು ದಿನ ಛೇಡಿಸಿದರಂತೆ. ಎಲ್ಲಿ ಹೋಗಿ ಬಂದರೂ ಮೇಷ್ಟ್ರು ಶಲ್ಯವನ್ನು ಗೂಟಕ್ಕೆ ಹಾಕುತ್ತಾ ಅಡಿಗೆಮನೆಯ ಕಡೆ ತಿರುಗಿ, “ಯೋಚ್ನೆ ಆಯ್ತಾ?” ಎಂದು ಕೇಳುತ್ತಿದ್ದರು. ಇನ್ನೂ ಇಲ್ಲ ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಆಮೇಲೆ ಇಬ್ಬರೂ ಊಟಕ್ಕೆ ಕೂರುತ್ತಿದ್ದರು.

ಆ ದಶಕ ಮುಗಿಯುವ ಹೊತ್ತಿಗೆ ಮೇಷ್ಟ್ರು ಹೋದರು. ನಿವೃತ್ತಿಯಾಗಿ ಬಹಳ ದಿನವಾಗಿರಲಿಲ್ಲ. ಉತ್ತರಕ್ರಿಯೆಯ ಊಟಕ್ಕೆ ನಾವಿಬ್ಬರೂ ತೀರ್ಥಹಳ್ಳಿಯಿಂದ ಹೋದೆವು. ಊರಿಗೆ ಊರೇ ಬಂದಿತ್ತು. ಭಾಗವತರು ಸೈಕಲ್ ಶಾಪಿಗೆ ಬೀಗ ಹಾಕಿ ಬೆಳಗಿನಿಂದ ಬಡಿಸುತ್ತಿದ್ದರು. ಸಂತೆಯ ಬದನೆಕಾಯಿಯವಳು ಒಂದು ಬುಟ್ಟಿ ಕಾಯಿ ತಂದು ಬಾಗಿಲಲ್ಲಿಟ್ಟು ಹೋದಳು. ನನಗೆ ದುಃಖವಿತ್ತು, ಆದರೆ ಆ ಮನೆಯಲ್ಲಿ ಕೂತರೆ ಅಳುವುದಕ್ಕಿಂತ ಹೆಚ್ಚು ನಗುವೇ ನೆನಪಾಗುತ್ತಿತ್ತು.

ಎಲ್ಲರೂ ಹೋದ ಮೇಲೆ ಅಕ್ಕ ಅದೇ ಒಲೆಯ ಮುಂದೆ ನನಗೆ ಕಾಫಿ ಸೋಸಿದರು. ಆಸ್ಪತ್ರೆಯಲ್ಲಿ ಇದ್ದಾಗಲೂ ಮೇಷ್ಟ್ರು ಕೇಳಿದ್ದರಂತೆ, ಯೋಚನೆ ಆಯಿತೇ ಎಂದು. ಮನೆಗೆ ಬನ್ನಿ, ಹೇಳುತ್ತೇನೆ ಎಂದು ಅಕ್ಕ ಹೇಳಿದ್ದರಂತೆ. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಕಾದರಲ್ಲ ಅಕ್ಕಾ, ಒಂದು ಸಲ ಹೂಂ ಅನ್ನಬಾರದಿತ್ತೇ ಎಂದೆ.

ಅಕ್ಕ ಲೋಟವನ್ನು ನನ್ನ ಮುಂದೆ ತಳ್ಳಿದರು. “ಅಂದಿದ್ರೆ ಕೇಳೋದು ನಿಲ್ಲಿಸ್ಬಿಡ್ತಿದ್ರು ಮಾರಾಯ್ತಿ.” ಸೆರಗಿನಿಂದ ಕಣ್ಣೊರೆಸಿಕೊಂಡರು, ನಗುತ್ತಲೂ ಇದ್ದರು.

ಬಸ್ಸಿಗೆ ಹೊತ್ತಾಗಿತ್ತು. ನಮ್ಮವರು ಟೋಪಿ ಕೈಯಲ್ಲಿ ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂದು, ಹೊರಡೋಣವಾ ಎಂದು ನನ್ನನ್ನು ಕೇಳಿದರು. ನಾನು ಏಳಲು ಹೋದೆ. ಅಕ್ಕ ನನ್ನ ಕೈ ಒತ್ತಿ ಹಿಡಿದು ಕೂರಿಸಿದರು.

“ಯೋಚ್ನೆ ಮಾಡಿ ಹೇಳ್ತೀನಿ ಅನ್ನು,” ಎಂದರು.